‘ಬೈ’ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು: ಇಂಗ್ಲಿಷ್ ಕಲಿಯುವವರಿಗೆ ಒಂದೊಂದೇ ಹೆಜ್ಜೆ

ಇಂಗ್ಲಿಷ್ ಕಲಿಯುತ್ತಿರುವ ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿವು. “ಇಲ್ಲಿ ‘ಬೈ’ ಬರುತ್ತಾ, ‘ವಿತ್’ ಬರುತ್ತಾ?” “ಸೋಮವಾರದೊಳಗೆ ಅನ್ನೋಕೆ ‘ಬೈ ಮಂಡೇ’ ಸರಿಯಾ, ‘ಅಂಟಿಲ್ ಮಂಡೇ’ ಸರಿಯಾ?” “‘ಬೈ ವಾಕ್’ ಅಂದರೆ ತಪ್ಪು ಅಂತಾರೆ, ಯಾಕೆ?” ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಇಡೋಣ ಅನ್ನಿಸಿತು.

ಮೊದಲು ಒಂದು ಮಾತು. ನಾವು ನೋಡುತ್ತಿರುವುದು ಬಿ, ವೈ ಎಂಬ ಎರಡೇ ಅಕ್ಷರದ ‘ಬೈ’. ಬಿ, ಯು, ವೈ ಅಂತ ಬರೆದರೆ ‘ಕೊಳ್ಳು’ ಎಂದರ್ಥ. ಬಿ, ವೈ, ಇ ಅಂತ ಬರೆದರೆ ಹೊರಡುವಾಗ ಹೇಳುವ ಮಾತು. ಮೂರರ ಉಚ್ಚಾರಣೆಯೂ ಒಂದೇ. ಹಾಗಾಗಿ ಬರೆಯುವಾಗ ಕಾಗುಣಿತದ ಮೇಲೆ ಕಣ್ಣಿರಲಿ.

ಈ ಎರಡಕ್ಷರದ ‘ಬೈ’ ಒಂದು ಪ್ರಿಪೊಸಿಷನ್. ಅಂದರೆ ಹೆಸರು ಪದದ ಮುಂಚೆ ಬಂದು, ಅದಕ್ಕೂ ವಾಕ್ಯದ ಉಳಿದ ಭಾಗಕ್ಕೂ ಇರುವ ಸಂಬಂಧ ತೋರಿಸುವ ಸಣ್ಣ ಪದ. ಕನ್ನಡದಲ್ಲಿ ಈ ಕೆಲಸವನ್ನು ಪದದ ಕೊನೆಗೆ ಅಂಟಿಕೊಳ್ಳುವ ವಿಭಕ್ತಿ ಪ್ರತ್ಯಯ ಮಾಡುತ್ತದೆ. ನಾವು ‘ಬಸ್ಸಿನಲ್ಲಿ’ ಎನ್ನುತ್ತೇವೆ. ಅವರು ‘ಬೈ ಬಸ್’ ಎನ್ನುತ್ತಾರೆ. ನಮಗೆ ಹಿಂದೆ ಅಂಟುವುದು ಅವರಿಗೆ ಮುಂದೆ ಬಿಡಿಯಾಗಿ ನಿಲ್ಲುತ್ತದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಜೊತೆಗೆ ನೀವೇ ಈಚೆಗೆ ಇಂಗ್ಲಿಷಿನಲ್ಲಿ ಬರೆದ ಹತ್ತು ವಾಕ್ಯ. ಮೇಲ್ ಆಗಲಿ, ಮೆಸೇಜ್ ಆಗಲಿ, ನಿಮ್ಮದೇ ಆಗಿರಬೇಕು. ಪುಸ್ತಕದ ವಾಕ್ಯದಲ್ಲಿ ನಿಮ್ಮ ತಪ್ಪು ಸಿಗುವುದಿಲ್ಲ.

1. ಮೊದಲು ‘ಇಂದ’ದ ಗಂಟು ಬಿಚ್ಚಿ

ಕನ್ನಡಿಗರು ‘ಬೈ’ ವಿಷಯದಲ್ಲಿ ಎಡವುವುದಕ್ಕೆ ಮುಖ್ಯ ಕಾರಣ ಇಂಗ್ಲಿಷ್ ಅಲ್ಲ, ನಮ್ಮ ‘ಇಂದ’ ಅನ್ನುವುದು ನನ್ನ ಗಟ್ಟಿ ನಂಬಿಕೆ. ‘ಇಂದ’ ಕಂಡ ಕೂಡಲೇ ಕೈ ತಾನಾಗಿ ‘ಬೈ’ ಬರೆದುಬಿಡುತ್ತದೆ. ಈ ಆರು ವಾಕ್ಯ ನೋಡಿ:

‘ಅಕ್ಕನಿಂದ ಪತ್ರ ಬಂತು.’ ಇಲ್ಲಿ ಇಂಗ್ಲಿಷಿಗೆ ಬೇಕಾದದ್ದು ‘ಫ್ರಂ’.
‘ಚಾಕುವಿನಿಂದ ಕತ್ತರಿಸಿದೆ.’ ಇಲ್ಲಿ ‘ವಿತ್’.
‘ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ.’ ಇಲ್ಲಿ ‘ಸಿನ್ಸ್’.
‘ಮರದಿಂದ ಮಾಡಿದ ಮೇಜು.’ ಇಲ್ಲಿ ‘ಆಫ್’.
‘ಮಳೆಯಿಂದ ಆಟ ನಿಂತಿತು.’ ಇಲ್ಲಿ ‘ಬಿಕಾಸ್ ಆಫ್’.
‘ಒಂದು ಗುಂಡಿ ಒತ್ತುವುದರಿಂದ ಇದನ್ನು ತೆರೆಯಬಹುದು.’ ಇಲ್ಲಿ, ಇಲ್ಲಿ ಮಾತ್ರ, ‘ಬೈ’.

ಆರು ‘ಇಂದ’ಗಳಲ್ಲಿ ‘ಬೈ’ ಸಿಕ್ಕಿದ್ದು ಒಂದೇ ಒಂದಕ್ಕೆ. ಹಾಗಾಗಿ ‘ಬೈ ಅಂದರೆ ಇಂದ’ ಎಂದು ನೋಟ್‌ಬುಕ್ಕಿನಲ್ಲಿ ಎಲ್ಲಾದರೂ ಬರೆದುಕೊಂಡಿದ್ದರೆ ಈಗಲೇ ಹೊಡೆದುಹಾಕಿ. ಅದರ ಜಾಗದಲ್ಲಿ ಐದು ಪ್ರಶ್ನೆ ಬರೆದುಕೊಳ್ಳಿ: ಎಲ್ಲಿ? ಯಾರು ಮಾಡಿದ್ದು? ಹೇಗೆ? ಯಾವಾಗಿನೊಳಗೆ? ಎಷ್ಟು? ‘ಬೈ’ ಹಾಕಿದ ಜಾಗ ಈ ಐದರಲ್ಲಿ ಒಂದಕ್ಕೆ ಉತ್ತರವಾಗಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಐದು ಪ್ರಶ್ನೆಗಳ ಸುತ್ತಲೇ.

2. ಎಲ್ಲಿ? ಪಕ್ಕದಲ್ಲಿ

‘ಬೈ’ಯ ಹಳೆಯ ಅರ್ಥವೇ ‘ಪಕ್ಕ, ಹತ್ತಿರ’. ಹಳೆಯ ಇಂಗ್ಲಿಷಿನಲ್ಲಿ ಇದನ್ನು ‘ಬೀ’ ಎನ್ನುತ್ತಿದ್ದರು. ಜರ್ಮನ್ ಭಾಷೆಯಲ್ಲೂ ಇದರ ನೆಂಟ ಪದವೊಂದಿದೆ. ಅದರ ಉಚ್ಚಾರಣೆಯೂ ‘ಬೈ’, ಅದಕ್ಕೂ ‘ಹತ್ತಿರ’ ಎಂಬ ಅರ್ಥವಿದೆ. ನಾವು ದಿನಾ ಹೇಳುವ ‘ಬೈಪಾಸ್’ ಪದದಲ್ಲಿ ಈ ಅರ್ಥ ಇನ್ನೂ ಜೀವಂತ. ಊರೊಳಗೆ ಹೋಗದೆ ಪಕ್ಕದಲ್ಲೇ ಹಾದುಹೋಗುವ ರಸ್ತೆ ಅದು, ಅಲ್ವಾ?

‘ಶಿ ಸ್ಯಾಟ್ ಬೈ ದಿ ವಿಂಡೋ’ ಅಂದರೆ ಕಿಟಕಿಯ ಪಕ್ಕ ಕೂತಳು. ‘ಎ ಹೌಸ್ ಬೈ ದಿ ರಿವರ್’ ಅಂದರೆ ನದಿಗೆ ತಾಗಿದಂತಿರುವ ಮನೆ. ಇಲ್ಲೇ ‘ನಿಯರ್’ ಹಾಕಿದರೆ ಅಂತರ ಹೆಚ್ಚುತ್ತದೆ. ‘ನಿಯರ್ ದಿ ರಿವರ್’ ಅಂದಾಗ ಮನೆಯಿಂದ ನದಿಗೆ ಹತ್ತು ನಿಮಿಷ ನಡೆಯಬೇಕಾದರೂ ಮಾತು ಸುಳ್ಳಾಗುವುದಿಲ್ಲ. ‘ಬೈ’ ಅಂದರೆ ಕಿಟಕಿ ತೆರೆದರೆ ನೀರು ಕಾಣಬೇಕು.

ಚಲನೆಯ ಕ್ರಿಯಾಪದದ ಜೊತೆ ಬಂದರೆ ಪಕ್ಕದಲ್ಲೇ ಹಾದುಹೋದದ್ದು ಎಂದರ್ಥ: ‘ಹಿ ವಾಕ್ಡ್ ಬೈ ಅವರ್ ಹೌಸ್.’ ನಮ್ಮ ಮನೆ ಮುಂದೆಯೇ ಹೋದ, ಒಳಗೆ ಬರಲಿಲ್ಲ.

ಎಚ್ಚರಿಕೆ ಒಂದೇ: ಊರಿನ ಹೆಸರಿಗೆ ‘ಬೈ’ ಬೇಡ. ಒಂದು ಊರು ಇನ್ನೊಂದರ ಹತ್ತಿರ ಇದೆ ಎನ್ನಲು ‘ನಿಯರ್’ ಹಾಕಿ.

3. ಯಾರು ಮಾಡಿದ್ದು?

‘ದಿಸ್ ಸ್ಟೋರಿ ವಾಸ್ ರಿಟನ್ ಬೈ ಮೈ ಸಿಸ್ಟರ್.’ ಈ ಬಗೆಯ ವಾಕ್ಯಕ್ಕೆ ಪ್ಯಾಸಿವ್ ಎನ್ನುತ್ತಾರೆ, ಅಂದರೆ ಕರ್ಮಣಿ ಪ್ರಯೋಗ. ಕೆಲಸ ಮಾಡಿದವರನ್ನು ಹಿಂದಕ್ಕೆ ಸರಿಸಿ, ಆದ ಕೆಲಸವನ್ನು ಮುಂದಿಡುವ ರೀತಿ ಇದು. ಮಾಡಿದವರ ಹೆಸರನ್ನು ಕೊನೆಗೆ ತರುವುದು ‘ಬೈ’. ‘ಅಕ್ಕನಿಂದ ಬರೆಯಲ್ಪಟ್ಟಿತು’ ಎಂದು ಕನ್ನಡದಲ್ಲಿ ಯಾರೂ ಮಾತಾಡುವುದಿಲ್ಲ. ‘ಈ ಕತೆ ಅಕ್ಕ ಬರೆದದ್ದು’ ಎನ್ನುತ್ತೇವೆ. ಇಂಗ್ಲಿಷಿನ ಪ್ಯಾಸಿವ್ ವಾಕ್ಯ ಓದುವಾಗ ಆ ‘ಬರೆದದ್ದು’, ‘ಮಾಡಿದ್ದು’, ‘ಕಟ್ಟಿದ್ದು’ಗಳನ್ನೇ ನೆನಪಿಸಿಕೊಳ್ಳಿ, ಅರ್ಥ ಸಲೀಸಾಗಿ ಬರುತ್ತದೆ.

ಈಗ ‘ಅಕ್ಕನ ಚಿತ್ರ’ ಎಂಬ ಎರಡು ಪದ ತೆಗೆದುಕೊಳ್ಳಿ. ಕನ್ನಡದಲ್ಲಿ ಇದಕ್ಕೆ ಮೂರು ಅರ್ಥ ಬರಬಹುದು. ಅಕ್ಕ ಬಿಡಿಸಿದ ಚಿತ್ರ, ಅಕ್ಕನ ಮುಖ ಇರುವ ಚಿತ್ರ, ಅಕ್ಕನ ಹತ್ತಿರ ಇರುವ ಚಿತ್ರ. ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ‘ಎ ಪಿಕ್ಚರ್ ಬೈ ಮೈ ಸಿಸ್ಟರ್’ ಅಂದರೆ ಅವಳು ಬಿಡಿಸಿದ್ದು. ‘ಎ ಪಿಕ್ಚರ್ ಆಫ್ ಮೈ ಸಿಸ್ಟರ್’ ಅಂದರೆ ಚಿತ್ರದಲ್ಲಿರುವುದು ಅವಳೇ. ‘ಎ ಪಿಕ್ಚರ್ ಫ್ರಂ ಮೈ ಸಿಸ್ಟರ್’ ಅಂದರೆ ಅವಳು ಕಳಿಸಿದ್ದು, ಬಿಡಿಸಿದವರು ಬೇರೆ ಯಾರೋ ಇರಬಹುದು. ಒಂದು ಸಣ್ಣ ಪದ ಬದಲಾದರೆ ಅಕ್ಕ ಚಿತ್ರದ ಹೊರಗಿನಿಂದ ಒಳಗೆ ಹೋಗಿಬಿಡುತ್ತಾಳೆ. ನನಗೆ ‘ಬೈ’ಯ ಬಲ ಸರಿಯಾಗಿ ಅರ್ಥವಾದದ್ದು ಈ ಉದಾಹರಣೆಯಿಂದ.

ಇನ್ನೆರಡು ಸಣ್ಣ ತಪ್ಪು. ‘ಬೈ’ ಆದಮೇಲೆ ‘ಐ’, ‘ಹಿ’, ‘ದೇ’ ಬರುವುದಿಲ್ಲ. ‘ಬೈ ಮಿ’, ‘ಬೈ ಹಿಮ್’, ‘ಬೈ ದೆಮ್’ ಎನ್ನಬೇಕು. ಮತ್ತೆ ‘ಬೈ ಮಿ’ ಬೇರೆ, ‘ಬೈ ಮೈಸೆಲ್ಫ್’ ಬೇರೆ. ಎರಡನೆಯದರ ಅರ್ಥ ‘ಒಬ್ಬನೇ’, ‘ಒಬ್ಬಳೇ’, ಇಲ್ಲವೇ ‘ಯಾರ ಸಹಾಯವೂ ಇಲ್ಲದೆ’.

4. ‘ಬೈ’ ಮತ್ತು ‘ವಿತ್’ ಜಗಳ

ಕೈಯಲ್ಲಿ ಹಿಡಿದು ಬಳಸಿದ ವಸ್ತುವಿಗೆ ‘ವಿತ್’. ಪೆನ್ನು, ಚಾಕು, ಕೀಲಿಕೈ, ಕತ್ತರಿ ಎಲ್ಲದಕ್ಕೂ ಇದೇ. ‘ಐ ಓಪನ್ಡ್ ದಿ ಡೋರ್ ವಿತ್ ಎ ಕೀ.’ ಮಾಡಿದ ವ್ಯಕ್ತಿಗೆ, ಅಥವಾ ತಾನಾಗಿ ಎರಗಿದ ಶಕ್ತಿಗೆ ‘ಬೈ’. ‘ದಿ ಟ್ರೀ ವಾಸ್ ಸ್ಟ್ರಕ್ ಬೈ ಲೈಟ್ನಿಂಗ್.’ ಮರಕ್ಕೆ ಸಿಡಿಲು ಬಡಿಯಿತು. ಸಿಡಿಲನ್ನು ಯಾರೂ ಕೈಯಲ್ಲಿ ಹಿಡಿದು ಹೊಡೆದಿಲ್ಲ.

ಒಂದೇ ವಾಕ್ಯದಲ್ಲಿ ಎರಡೂ ಸರಿಯಾಗುವುದುಂಟು, ಆದರೆ ಕತೆ ಬೇರೆ. ‘ದಿ ವಿಂಡೋ ವಾಸ್ ಬ್ರೋಕನ್ ವಿತ್ ಎ ಸ್ಟೋನ್’ ಅಂದರೆ ಯಾರೋ ಕಲ್ಲು ತೆಗೆದುಕೊಂಡು ಒಡೆದಿದ್ದಾರೆ. ಹೆಸರು ಹೇಳದಿದ್ದರೂ ಒಬ್ಬ ಮನುಷ್ಯ ಅಲ್ಲಿದ್ದಾನೆ. ‘ಬೈ ಎ ಸ್ಟೋನ್’ ಅಂದರೆ ಕಲ್ಲು ಬಂದು ಬಡಿಯಿತು ಅಷ್ಟೇ. ಗುಡ್ಡದಿಂದ ಉರುಳಿ ಬಂದಿರಬಹುದು. ದೂರು ಬರೆಯುವಾಗ, ವರದಿ ಬರೆಯುವಾಗ ಈ ವ್ಯತ್ಯಾಸ ಸಣ್ಣದಲ್ಲ.

5. ಹೇಗೆ?

ಪ್ರಯಾಣ: ‘ಬೈ ಬಸ್’, ‘ಬೈ ಟ್ರೈನ್’, ‘ಬೈ ಕಾರ್’, ‘ಬೈ ಏರ್’. ಸಂಪರ್ಕ: ‘ಬೈ ಫೋನ್’, ‘ಬೈ ಮೇಲ್’, ‘ಬೈ ಪೋಸ್ಟ್’. ಹಣ ಕೊಡುವುದು: ‘ಬೈ ಕಾರ್ಡ್’, ‘ಬೈ ಚೆಕ್’. ನೋಟು ಎಣಿಸಿ ಕೊಟ್ಟರೆ ಮಾತ್ರ ‘ಇನ್ ಕ್ಯಾಶ್’.

ಇಲ್ಲೊಂದು ನಿಯಮ ತಪ್ಪದೆ ಪಾಲಿಸಿ. ‘ಬೈ’ ಆದಮೇಲೆ ವಾಹನದ ಹೆಸರು ಬರಿದಾಗಿ ಬರಬೇಕು. ನಡುವೆ ‘ಎ’ ಬೇಡ, ‘ಮೈ’ ಬೇಡ, ಬಹುವಚನವೂ ಬೇಡ. ಯಾಕೆಂದರೆ ಇಲ್ಲಿ ‘ಬಸ್’ ಅಂದರೆ ಒಂದು ನಿರ್ದಿಷ್ಟ ಬಸ್ಸಲ್ಲ, ಹೋಗುವ ವಿಧಾನ. ‘ನನ್ನ ಕಾರಿನಲ್ಲಿ ಹೋದೆ’ ಎನ್ನಬೇಕೆಂದರೆ ವಿಧಾನ ಹೋಗಿ ವಸ್ತು ಬಂತು. ಆಗ ‘ಇನ್ ಮೈ ಕಾರ್’. ದೊಡ್ಡ ವಾಹನಕ್ಕೆ ‘ಆನ್’ ಬರುತ್ತದೆ: ‘ಆನ್ ದಿ ಬಸ್’.

ನಡೆದು ಹೋದರೆ ‘ಬೈ ವಾಕ್’ ಅಲ್ಲ, ‘ಆನ್ ಫುಟ್’. ಇನ್ನೂ ಚೆನ್ನಾಗಿರಬೇಕೆಂದರೆ ಸುಮ್ನೆ ‘ಐ ವಾಕ್ಡ್’ ಅನ್ನಿ, ಸಾಕು.

ಮಾಡುವ ರೀತಿ ಹೇಳುವಾಗ ‘ಬೈ’ ಆದಮೇಲೆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಬೇಕು. ‘ಯು ಕ್ಯಾನ್ ಲರ್ನ್ ಬೈ ರೀಡಿಂಗ್.’ ಓದಿ ಓದಿಯೇ ಕಲಿಯಬಹುದು. ‘ಬೈ ರೀಡ್’, ‘ಬೈ ಟು ರೀಡ್’ ಎರಡೂ ತಪ್ಪು. ಕನ್ನಡದಲ್ಲಿ ‘ಒತ್ತಿ’, ‘ಓದಿ’, ‘ಕೇಳಿ’ ಎಂದು ಮುಗಿಸುವ ಜಾಗದಲ್ಲಿ, ಅದು ವಿಧಾನವಾಗಿದ್ದರೆ, ಈ ರೂಪ ಹೊಂದುತ್ತದೆ. ವಿಧಾನವಲ್ಲದೆ ಸುಮ್ನೆ ಒಂದಾದಮೇಲೊಂದು ನಡೆದ ಕೆಲಸವಾದರೆ ಹೊಂದುವುದಿಲ್ಲ. ‘ಊಟ ಮಾಡಿ ಮಲಗಿದೆ’ ಎಂಬುದಕ್ಕೆ ‘ಬೈ ಈಟಿಂಗ್’ ಹಾಕಿದರೆ ಊಟವೇ ಮಲಗುವ ಉಪಾಯ ಎಂದಾಗುತ್ತದೆ.

6. ಯಾವಾಗಿನೊಳಗೆ?

ಈ ಹೆಜ್ಜೆಗೆ ಸಮಯ ಕೊಡಿ. ಉಳಿದ ತಪ್ಪುಗಳನ್ನು ಕೇಳುವವರು ಸರಿಪಡಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲಿನ ತಪ್ಪಿನಿಂದ ಕೆಲಸವೇ ಕೆಡುತ್ತದೆ. ಒಮ್ಮೆ ನನಗೆ ‘ಐ ವಿಲ್ ಬಿ ದೇರ್ ಬೈ ಫೈವ್’ ಎಂದು ಮೆಸೇಜ್ ಬಂತು. ನಾನು ಐದಕ್ಕೆ ಸರಿಯಾಗಿ ಹೋದೆ. ಅವರು ಹೇಳಬೇಕೆಂದಿದ್ದದ್ದು ಐದರವರೆಗೆ ಇರುತ್ತೇನೆ ಎಂದು. ನಾನು ಹೋಗುವ ಹೊತ್ತಿಗೆ ಅವರು ಹೊರಟಾಗಿತ್ತು.

‘ಬೈ ಫೈವ್’ ಅಂದರೆ ಐದರೊಳಗೆ. ‘ಅಂಟಿಲ್ ಫೈವ್’ ಅಂದರೆ ಐದರವರೆಗೆ. ಕನ್ನಡದಲ್ಲಿ ‘ಒಳಗೆ’ ಮತ್ತು ‘ವರೆಗೆ’ಯನ್ನು ನಾವು ಎಂದೂ ಅದಲುಬದಲು ಮಾಡುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವ ಮುಂಚೆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ‘ಒಳಗೆ’ ಬಂದರೆ ‘ಬೈ’. ‘ವರೆಗೆ’ ಬಂದರೆ ‘ಅಂಟಿಲ್’ ಅಥವಾ ‘ಟಿಲ್’. ‘ಇಂದ’ ನಮ್ಮನ್ನು ದಾರಿ ತಪ್ಪಿಸಿತು, ಇಲ್ಲಿ ಕನ್ನಡವೇ ಕೈ ಹಿಡಿಯುತ್ತದೆ.

ಇದರ ಹಿಂದಿನ ಕಾರಣವೂ ಸರಳ. ಮುಗಿಸು, ಕಳಿಸು, ತಲುಪು, ಹಣ ಕಟ್ಟು ಇಂಥ ಕೆಲಸಗಳು ಒಂದು ಕ್ಷಣದಲ್ಲಿ ಆಗಿಹೋಗುತ್ತವೆ. ಇವಕ್ಕೆ ಗಡುವು ಬೇಕು, ಅದು ‘ಬೈ’. ಕಾಯು, ಇರು, ದುಡಿ, ಮಲಗು ಇವು ಎಳೆದುಕೊಂಡು ಹೋಗುವ ಕೆಲಸಗಳು. ಇವಕ್ಕೆ ಕೊನೆ ಬೇಕು, ಅದು ‘ಅಂಟಿಲ್’. ‘ಐ ವಿಲ್ ಫಿನಿಷ್ ಇಟ್ ಅಂಟಿಲ್ ಫ್ರೈಡೇ’ ತಪ್ಪಾಗುವುದು ಇದಕ್ಕೇ. ‘ಬೇಡ’, ‘ಇಲ್ಲ’ ಸೇರಿದರೆ ಮಾತ್ರ ಕ್ಷಣದ ಕೆಲಸಕ್ಕೂ ‘ಅಂಟಿಲ್’ ಬರುತ್ತದೆ: ‘ಡೋಂಟ್ ಸೆಂಡ್ ಇಟ್ ಅಂಟಿಲ್ ಫ್ರೈಡೇ.’ ಶುಕ್ರವಾರದವರೆಗೂ ಕಳಿಸಬೇಡಿ. ಇಲ್ಲೂ ಕನ್ನಡ ‘ವರೆಗೆ’ ಎಂದೇ ಹೇಳಿತು, ಗಮನಿಸಿದಿರಾ?

ಆದರೆ ‘ಒಳಗೆ’ಯಲ್ಲೂ ಒಂದು ಗುಂಡಿ ಇದೆ. ‘ಶುಕ್ರವಾರದೊಳಗೆ’ ಎನ್ನುತ್ತೇವೆ, ‘ಎರಡು ದಿನದೊಳಗೆ’ ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಎರಡು ಪದ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದ ಬಿಂದುವಿಗೆ ‘ಬೈ’: ‘ಬೈ ಫ್ರೈಡೇ’, ‘ಬೈ ಟೆನ್ ಓ ಕ್ಲಾಕ್’. ಅಳೆಯುವ ಅವಧಿಗೆ ‘ವಿದಿನ್’: ‘ವಿದಿನ್ ಟೂ ಡೇಸ್’. ‘ವಿದಿನ್ ಫ್ರೈಡೇ’, ‘ಬೈ ಟೂ ಡೇಸ್’ ಎಂದು ಬರೆಯಬೇಡಿ.

‘ಬೈ ಫ್ರೈಡೇ’ಯಲ್ಲಿ ಶುಕ್ರವಾರವೂ ಸೇರುತ್ತದೆ. ‘ಬಿಫೋರ್ ಫ್ರೈಡೇ’ ಅಂದರೆ ಗುರುವಾರಕ್ಕೇ ಮುಗಿದಿರಬೇಕು. ಶುಕ್ರವಾರ ಎಷ್ಟು ಹೊತ್ತಿಗೆ ಎಂಬುದು ಮಾತ್ರ ‘ಬೈ ಫ್ರೈಡೇ’ಯಲ್ಲಿ ಗೊತ್ತಾಗುವುದಿಲ್ಲ. ಮುಖ್ಯವಾದ ಕೆಲಸವಾದರೆ ಗಂಟೆಯನ್ನೂ ಬರೆದುಬಿಡಿ.

‘ಬೈ ದಿ ಟೈಮ್’ ಎಂಬ ಜೋಡಣೆ ನಮ್ಮ ‘ಅಷ್ಟರಲ್ಲಿ’, ‘ಹೊತ್ತಿಗೆ’. ‘ಬೈ ದಿ ಟೈಮ್ ಯು ಕಮ್, ಐ ವಿಲ್ ಹ್ಯಾವ್ ಫಿನಿಷ್ಡ್.’ ನೀವು ಬರುವ ಹೊತ್ತಿಗೆ ನಾನು ಮುಗಿಸಿರುತ್ತೇನೆ. ಎರಡು ವಿಷಯ ನೋಡಿಕೊಳ್ಳಿ. ‘ಮುಗಿಸಿರುತ್ತೇನೆ’ ಎಂಬ ರೂಪಕ್ಕೆ ‘ವಿಲ್ ಹ್ಯಾವ್ ಫಿನಿಷ್ಡ್’ ಸರಿಯಾದ ಜೋಡಿ. ಮತ್ತೆ ‘ಬೈ ದಿ ಟೈಮ್ ಯು ವಿಲ್ ಕಮ್’ ಅಲ್ಲ, ಬರುವುದು ನಾಳೆಯೇ ಆದರೂ ‘ಯು ಕಮ್’ ಎಂದೇ ಬರೆಯಬೇಕು.

7. ಎಷ್ಟು?

ತೂಕ 70 ಕಿಲೋ ಇತ್ತು, 65ಕ್ಕೆ ಇಳಿಯಿತು. ಇಳಿದದ್ದು 5 ಕಿಲೋ: ‘ಬೈ ಫೈವ್ ಕಿಲೋಸ್’. ಬಂದು ನಿಂತದ್ದು 65ಕ್ಕೆ: ‘ಟು ಸಿಕ್ಸ್ಟಿ ಫೈವ್’. ‘ಬೈ’ ವ್ಯತ್ಯಾಸ ಹೇಳುತ್ತದೆ, ‘ಟು’ ಮುಟ್ಟಿದ ಜಾಗ ಹೇಳುತ್ತದೆ. ಇಲ್ಲಿ ‘ಬೈ’ ಬದಲು ‘ಟು’ ಬರೆದರೆ ಆ ಮನುಷ್ಯನ ತೂಕ ಬರೀ 5 ಕಿಲೋ ಆಗುತ್ತದೆ. ಶೇಕಡಾ ಲೆಕ್ಕವಿರುವ ವರದಿಯಲ್ಲಿ ಇದನ್ನು ಎರಡು ಸಲ ಓದಿ ನೋಡಿ.

ಸ್ವಲ್ಪದರಲ್ಲಿ ತಪ್ಪಿದ್ದಕ್ಕೂ ಇದೇ ಬರುತ್ತದೆ: ‘ಐ ಮಿಸ್ಡ್ ದಿ ಟ್ರೈನ್ ಬೈ ಟೂ ಮಿನಿಟ್ಸ್.’

ಉದ್ದ ಅಗಲಕ್ಕೆ ‘ಟೆನ್ ಬೈ ಟ್ವೆಲ್ವ್’. ಗುಣಿಸುವುದಕ್ಕೆ ‘ಮಲ್ಟಿಪ್ಲೈಡ್ ಬೈ’, ಭಾಗಿಸುವುದಕ್ಕೆ ‘ಡಿವೈಡೆಡ್ ಬೈ’. ನಾವು ಶಾಲೆಯಲ್ಲಿ ಅರ್ಧಕ್ಕೆ ‘ಒನ್ ಬೈ ಟೂ’ ಎಂದು ಕಲಿತಿರುತ್ತೇವೆ. ಭಾರತದ ಹೊರಗಿನವರ ಜೊತೆ ಮಾತಾಡುವಾಗ ‘ಹಾಫ್’ ಅಥವಾ ‘ಒನ್ ಓವರ್ ಟೂ’ ಅನ್ನಿ. ಇಲ್ಲದಿದ್ದರೆ ಅವರು ಅದನ್ನು ಉದ್ದ ಅಗಲದ ಅಳತೆ ಎಂದುಕೊಳ್ಳಬಹುದು.

ಗಂಟೆಯ ಲೆಕ್ಕ, ಕಿಲೋ ಲೆಕ್ಕ, ಡಜನ್ ಲೆಕ್ಕ ಹೇಳುವಾಗ ‘ದಿ’ ಬೇಕು: ‘ಪೇಯ್ಡ್ ಬೈ ದಿ ಅವರ್’. ಬಸ್ಸಿಗೆ ಬೇಡ ಎಂದೆ, ಇಲ್ಲಿ ಬೇಕು ಎನ್ನುತ್ತಿದ್ದೇನೆ, ನೆನಪಿಟ್ಟುಕೊಳ್ಳಿ.

ಕನ್ನಡದಲ್ಲಿ ಪದವನ್ನು ಎರಡು ಸಲ ಹೇಳಿ ತರುವ ಅರ್ಥವನ್ನು ಇಂಗ್ಲಿಷ್ ಹಲವು ಕಡೆ ಈ ‘ಬೈ’ಯಿಂದ ತರುತ್ತದೆ. ಒಂದೊಂದಾಗಿ: ‘ಒನ್ ಬೈ ಒನ್’. ಹಂತ ಹಂತವಾಗಿ: ‘ಸ್ಟೆಪ್ ಬೈ ಸ್ಟೆಪ್’. ಸ್ವಲ್ಪ ಸ್ವಲ್ಪವಾಗಿ: ‘ಲಿಟಲ್ ಬೈ ಲಿಟಲ್’. ಎರಡು ಭಾಷೆಯೂ ಪದವನ್ನು ಮರುಹೇಳುತ್ತವೆ, ಇಂಗ್ಲಿಷ್ ನಡುವೆ ಒಂದು ‘ಬೈ’ ಇಡುತ್ತದೆ. ಇದು ನನಗೆ ತುಂಬಾ ಇಷ್ಟವಾದ ಬಳಕೆ.

8. ಇಡಿಯಾಗಿ ನೆನಪಿಡಬೇಕಾದವು

ಕೆಲವನ್ನು ಬಿಡಿಸಿ ನೋಡಿ ಪ್ರಯೋಜನವಿಲ್ಲ. ‘ಬೈ ಮಿಸ್ಟೇಕ್’ ಅಂದರೆ ತಪ್ಪಿ. ‘ಬೈ ಚಾನ್ಸ್’ ಅಂದರೆ ಆಕಸ್ಮಿಕವಾಗಿ. ‘ಬೈ ಹಾರ್ಟ್’ ಅಂದರೆ ಬಾಯಿಪಾಠ. ‘ಬೈ ದಿ ವೇ’ ಅಂದರೆ ಅಂದಹಾಗೆ. ‘ಬೈ ಅಂಡ್ ಲಾರ್ಜ್’ ಅಂದರೆ ಒಟ್ಟಾರೆಯಾಗಿ. ಬೇಕಂತಲೇ ಮಾಡಿದ್ದಕ್ಕೆ ‘ಬೈ ಪರ್ಪಸ್’ ಅಲ್ಲ, ‘ಆನ್ ಪರ್ಪಸ್’.

ಎಡವಿಸುವ ಜೋಡಿ ಒಂದಿದೆ. ಯಾರಾದರೂ ‘ನಾನು ಒಳಗೆ ಬರಬಹುದಾ?’ ಎಂದು ಕೇಳಿದಾಗ ‘ಬೈ ಆಲ್ ಮೀನ್ಸ್’ ಎಂದರೆ ‘ಓಹೋ, ಧಾರಾಳವಾಗಿ’ ಎಂದರ್ಥ. ‘ಎಲ್ಲ ವಿಧಾನಗಳಿಂದ’ ಎಂದಲ್ಲ. ‘ಬೈ ನೋ ಮೀನ್ಸ್’ ಎಂದರೆ ‘ಖಂಡಿತ ಅಲ್ಲ’.

9. ಈಗ ನಿಮ್ಮ ಹತ್ತು ವಾಕ್ಯ ತೆಗೆಯಿರಿ

‘ಬೈ’ ಇರುವಲ್ಲೆಲ್ಲ ಅಡಿಗೆರೆ ಹಾಕಿ. ಪಕ್ಕದಲ್ಲಿ ಐದು ಪ್ರಶ್ನೆಗಳಲ್ಲಿ ಯಾವುದಕ್ಕೆ ಅದು ಉತ್ತರ ಎಂದು ಬರೆಯಿರಿ. ಐದರಲ್ಲಿ ಯಾವುದೂ ಹೊಂದದಿದ್ದರೆ, ಎಂಟನೆಯ ಹೆಜ್ಜೆಯ ಇಡಿ ಜೋಡಣೆಯೂ ಅಲ್ಲದಿದ್ದರೆ, ಅಲ್ಲಿ ಬಹುಪಾಲು ಬೇರೆ ಪ್ರಿಪೊಸಿಷನ್ ಬೇಕಾಗಿದೆ. ಆಮೇಲೆ ಈ ಐದನ್ನು ಇಂಗ್ಲಿಷಿಗೆ ತನ್ನಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

ಅ. ನಾಳೆಯೊಳಗೆ ಮುಗಿಸಿ.
ಆ. ಮೂರು ದಿನದೊಳಗೆ ಉತ್ತರ ಕಳಿಸಿ.
ಇ. ಈ ಗಂಟನ್ನು ಕತ್ತರಿಯಿಂದ ಕತ್ತರಿಸಿದೆ.
ಈ. ಅಣ್ಣ ತನ್ನ ಕಾರಿನಲ್ಲಿ ಬಂದ.
ಉ. ನಾನು ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು.

ಉತ್ತರಗಳು:

ಅ. ‘ಫಿನಿಷ್ ಇಟ್ ಬೈ ಟುಮಾರೋ.’ ನಾಳೆ ಎಂಬುದು ಬಿಂದು.
ಆ. ‘ಸೆಂಡ್ ಎ ರಿಪ್ಲೈ ವಿದಿನ್ ತ್ರೀ ಡೇಸ್.’ ಮೂರು ದಿನ ಎಂಬುದು ಅವಧಿ.
ಇ. ‘ಐ ಕಟ್ ದಿಸ್ ನಾಟ್ ವಿತ್ ಸಿಸರ್ಸ್.’ ಕೈಯಲ್ಲಿ ಹಿಡಿದ ವಸ್ತು.
ಈ. ‘ಮೈ ಬ್ರದರ್ ಕೇಮ್ ಇನ್ ಹಿಸ್ ಕಾರ್.’ ‘ತನ್ನ’ ಬಂದ ಕೂಡಲೇ ‘ಬೈ’ ಹೋಯಿತು.
ಉ. ‘ಬೈ ದಿ ಟೈಮ್ ಐ ಕೇಮ್, ದಿ ಟ್ರೈನ್ ಹ್ಯಾಡ್ ಲೆಫ್ಟ್.’ ನಡೆದುಹೋದ ಸಂಗತಿಯಾದ್ದರಿಂದ ‘ಕಮ್’ ಜಾಗದಲ್ಲಿ ‘ಕೇಮ್’, ‘ವಿಲ್ ಹ್ಯಾವ್’ ಜಾಗದಲ್ಲಿ ‘ಹ್ಯಾಡ್’. ಐದನೆಯದು ತಪ್ಪಿದ್ದರೆ ಆರನೆಯ ಹೆಜ್ಜೆಯ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿ, ನಿಮ್ಮದೇ ಒಂದು ದಿನದ ಘಟನೆ ಇಟ್ಟುಕೊಂಡು ಇದೇ ಅಚ್ಚಿನಲ್ಲಿ ಮೂರು ವಾಕ್ಯ ಬರೆಯಿರಿ.